ಅಡಿಕೆಯ ಕೊಳೆರೋಗವೂ ಪ್ರಕೃತಿಯ ಕಟ್ಟಳೆಯೂ



ಮಲೆನಾಡಿನ ತೋಟದವರಿಗೆ ಆಷಾಢ ಶ್ರಾವಣಗಳ ಮಳೆ ಎಂದರೆ ಎದೆಯಲ್ಲಿ ಒಂದು ಅಳುಕು. ನಿನ್ನೆಯವರೆಗೆ ಹಚ್ಚಗೆ ತೂಗುತ್ತಿದ್ದ ಅಡಿಕೆಯ ಕೊನೆಯಿಂದ ಇಂದು ಬೆಳಿಗ್ಗೆ ನಾಲ್ಕು ಕಾಯಿ ಉದುರಿರುತ್ತವೆ. ಕೈಗೆತ್ತಿಕೊಂಡು ನೋಡಿದರೆ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂತಹ ಕಡುಹಸಿರು ಮಚ್ಚೆ. ಕೆಲವು ದಿನಗಳಲ್ಲಿ ಕಾಯಿಯ ಮೇಲೆಲ್ಲ ಬಿಳಿಯ ಬೂಷ್ಟು. ಮಳೆ ಬಿಡದೆ ಹಿಡಿದರೆ ಮರದ ಬುಡದಲ್ಲೆಲ್ಲ ಕೊಳೆತ ಕಾಯಿಗಳೇ. ಸೊಸೈಟಿಯ ಸಾಲ, ಮಕ್ಕಳ ಓದು, ಮನೆಯ ಮದುವೆ, ಎಲ್ಲವೂ ಆ ಕೊನೆಗಳನ್ನೇ ನಂಬಿಕೊಂಡಿರುತ್ತವೆ.

ಇಂತಹ ಹೊತ್ತಿನಲ್ಲಿ ಮನಸ್ಸು ಕಾರಣವನ್ನು ಹುಡುಕುವುದು ಸಹಜ. ದೃಷ್ಟಿ ತಾಗಿತು ಎನ್ನುವವರುಂಟು, ಹರಕೆ ತಪ್ಪಿತು ಎನ್ನುವವರುಂಟು. ನೆರೆಯವನು ಏನೋ ಮಾಡಿಸಿದನೆಂದು ಮಾತು ಬಿಟ್ಟವರೂ ಉಂಟು. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಈ ರೋಗವು ಬೇಸಿಗೆಯಲ್ಲಿ ಏತಕ್ಕೆ ಬರುವುದಿಲ್ಲ? ಮಳೆಗಾಲದಲ್ಲೇ ಏತಕ್ಕೆ ಬರುತ್ತದೆ? ದೃಷ್ಟಿಗಾಗಲಿ ಮಾಟಕ್ಕಾಗಲಿ ಮಳೆ ಬಿಸಿಲುಗಳ ಹಂಗಿಲ್ಲ. ಕಾಲ ನೋಡಿ ಬರುವ ರೋಗಕ್ಕೆ ಒಂದು ಕಟ್ಟಳೆ ಇರಲೇಬೇಕು.

ಪ್ರಕೃತಿಯಲ್ಲಿ ಎಲ್ಲಕ್ಕೂ ಹೀಗೆ ಕಟ್ಟಳೆಯುಂಟು. ನೀರು ಇಳಿಜಾರಿಗೆ ಹರಿಯುತ್ತದೆ. ಬಡವನ ಗದ್ದೆ, ಸಾಹುಕಾರನ ಗದ್ದೆ ಎಂದು ನೋಡುವುದಿಲ್ಲ. ಒಂದೇ ಕಾರಣ, ಒಂದೇ ಸಂದರ್ಭ ಕೂಡಿಬಂದರೆ ಫಲವೂ ಒಂದೇ. ಈ ಕಟ್ಟಳೆಯನ್ನು ಯಾರೂ ಬದಲಿಸಲಾರರು, ಆದರೆ ಕಣ್ಣಿಟ್ಟು ನೋಡಿದವರು ಅದನ್ನು ತಿಳಿಯಬಲ್ಲರು. ತಿಳಿದ ಮೇಲೆ ಅದರಿಂದಲೇ ಕೆಲಸ ಮಾಡಿಸಿಕೊಳ್ಳಬಲ್ಲರು. ವಿಜ್ಞಾನವೆಂದರೆ ಇಷ್ಟೇ.

ಈ ಕೆಲಸವನ್ನು ನಮ್ಮ ಹಿರಿಯರೂ ಮಾಡಿದ್ದರು. ಮಳೆ ಹಿಡಿಯುವ ಮುಂಚೆ ಅವರು ಅಡಿಕೆಯ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಕೊಟ್ಟೆಯೊಳಗೆ ಒಣಗಿದ್ದ ಕಾಯಿ ಕೊಳೆಯದು, ನೆನೆದ ಕಾಯಿ ಕೊಳೆಯುವುದು ಎಂಬುದನ್ನು ಅವರು ಕಂಡುಕೊಂಡಿದ್ದರು. ಕಟ್ಟಳೆಯ ಅರ್ಧ ಭಾಗ ಅವರಿಗೆ ಸಿಕ್ಕಿತ್ತು. ನೆನೆದ ಕಾಯಿ ಏತಕ್ಕೆ ಕೊಳೆಯುತ್ತದೆ ಎಂಬ ಉಳಿದರ್ಧವು ಬರಿಗಣ್ಣಿಗೆ ಕಾಣುವಂತಹುದಾಗಿರಲಿಲ್ಲ.

ಆ ಉಳಿದರ್ಧದ ಕಥೆ ಬಹು ದೂರದ ಐರ್ಲೆಂಡಿನಲ್ಲಿ ಮೊದಲಾಗುತ್ತದೆ. ಅಲ್ಲಿನ ಬಡ ರೈತರಿಗೆ ಆಲೂಗೆಡ್ಡೆಯೇ ಆಹಾರ. 1845ರಲ್ಲಿ ಮೋಡ ಮಳೆಗಳ ತಂಪಿನಲ್ಲಿ ಆಲೂಗೆಡ್ಡೆಯ ಎಲೆಗಳು ಕಪ್ಪಾಗಿ ಗೆಡ್ಡೆಗಳು ಕೊಳೆತವು. ಮುಂದಿನ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದಲೂ ರೋಗಗಳಿಂದಲೂ ಸತ್ತರು. ಇನ್ನೂ ಅಷ್ಟು ಜನ ದೇಶ ಬಿಟ್ಟರು. ಇದು ದೇವರ ಶಿಕ್ಷೆ ಎಂದು ಅಲ್ಲಿಯೂ ಅನೇಕರು ನಂಬಿದರು. ಕೊಳೆತ ಎಲೆಯ ಮೇಲಿನ ಬೂಷ್ಟೇ ರೋಗಕ್ಕೆ ಕಾರಣವೆಂದು 1846ರಲ್ಲಿ ಇಂಗ್ಲೆಂಡಿನ ಪಾದ್ರಿ ಬರ್ಕ್ಲಿ ಹೇಳಿದಾಗ ಹೆಚ್ಚಿನವರು ಒಪ್ಪಲಿಲ್ಲ. ಗಿಡ ಕೊಳೆತ ಮೇಲೆ ಬೂಷ್ಟು ಬಂದಿದೆ, ಬೂಷ್ಟಿನಿಂದ ಗಿಡ ಕೊಳೆತಿಲ್ಲ ಎಂಬುದು ಅವರ ವಾದ.

ಹಾಗಾದರೆ ತೀರ್ಮಾನ ಹೇಗೆ? ವಾದದಿಂದ ಆಗಲಿಲ್ಲ, ಪರೀಕ್ಷೆಯಿಂದ ಆಯಿತು. 1861ರಲ್ಲಿ ಜರ್ಮನಿಯ ಡಿ ಬ್ಯಾರಿ ಎಂಬ ವಿಜ್ಞಾನಿ ಆ ಬೂಷ್ಟಿನ ಬೀಜಕಣಗಳನ್ನು ಆರೋಗ್ಯವಾದ ಗಿಡಗಳಿಗೆ ಹಚ್ಚಿ ನೋಡಿದರು. ರೋಗ ಬಂದಿತು. ಬೀಜಕಣ ತಾಗದ ಗಿಡಗಳು ಚೆನ್ನಾಗಿಯೇ ಉಳಿದವು. ಈ ಬೂಷ್ಟಿನ ಕುಲಕ್ಕೆ ಅವರು ಫೈಟಾಫ್ತೊರ ಎಂದು ಹೆಸರಿಟ್ಟರು. ಗಿಡನಾಶಕ ಎಂದು ಅದರ ಅರ್ಥ.

ನಮ್ಮ ಅಡಿಕೆಯ ಕೊಳೆಗೆ ಕಾರಣವೂ ಇದೇ ಕುಲಕ್ಕೆ ಸೇರಿದುದು. ಇದರ ಬೀಜಕಣದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಹೊರಬಂದು, ಕಾಯಿಯ ಮೇಲಿನ ನೀರಿನ ತೆಳುಪದರದಲ್ಲಿ ಈಜಿ ಒಳಹೊಕ್ಕಲು ಜಾಗ ಹುಡುಕುತ್ತವೆ. ನೀರಿಲ್ಲದಿದ್ದರೆ ಈಜು ಇಲ್ಲ. ಇದೇ ಕೊಟ್ಟೆಯ ಗುಟ್ಟು. ಒಂದು ಕೊನೆಯಿಂದ ಇನ್ನೊಂದಕ್ಕೆ ಇವನ್ನು ಸಾಗಿಸುವುದು ಮಳೆಯ ಹನಿ ಮತ್ತು ಗಾಳಿ.

ಮದ್ದು ಸಿಕ್ಕಿದ್ದು ಮಾತ್ರ ಆಕಸ್ಮಿಕವಾಗಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿಯ ಬಳ್ಳಿಗಳಿಗೆ ಬೂಷ್ಟುರೋಗ ಬಿದ್ದಿತ್ತು. 1882ರಲ್ಲಿ ಮಿಲಾರ್ಡೆ ಎಂಬ ಅಧ್ಯಾಪಕರು ತೋಟವೊಂದರಲ್ಲಿ ಹೋಗುತ್ತಿದ್ದಾಗ ದಾರಿಯಂಚಿನ ಬಳ್ಳಿಗಳು ಮಾತ್ರ ಹಸಿರಾಗಿರುವುದನ್ನು ಕಂಡರು. ವಿಚಾರಿಸಲಾಗಿ, ದಾರಿಹೋಕರು ಹಣ್ಣು ಕದಿಯದಿರಲೆಂದು ಅವುಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚಿದ್ದರೆಂದು ತಿಳಿಯಿತು. ಮಿಲಾರ್ಡೆ ಅಷ್ಟಕ್ಕೇ ಬಿಡಲಿಲ್ಲ. ಪರೀಕ್ಷೆ ನಡೆಸಿ 1885ರಲ್ಲಿ ಫಲವನ್ನು ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ.

ನಮ್ಮ ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಬಂದರು. ಅವರು ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಬರೆದರು. ದ್ರಾಕ್ಷಿಯನ್ನು ಕಾಪಾಡಿದ ದ್ರಾವಣ ಅಡಿಕೆಯನ್ನೂ ಕಾಪಾಡಿತು. ದೇಶ ಬೇರೆ, ಬೆಳೆ ಬೇರೆ, ಭಾಷೆ ಬೇರೆ. ಪ್ರಕೃತಿಯ ಕಟ್ಟಳೆ ಒಂದೇ.

ಕಟ್ಟಳೆ ತಿಳಿದ ಮೇಲೆ ಕೆಲಸದ ಕ್ರಮವೂ ತಾನಾಗಿ ತಿಳಿಯುತ್ತದೆ. ತಾಮ್ರದ ಅಂಶವು ಕಾಯಿಯ ಮೇಲೆ ಮೊದಲೇ ಪದರವಾಗಿ ಕುಳಿತಿದ್ದರೆ ರೋಗದ ಮರಿ ಒಳಹೊಗುವ ಮುಂಚೆಯೇ ಸಾಯುತ್ತದೆ. ಒಳಹೊಕ್ಕ ರೋಗಕ್ಕೆ ಇದು ಮದ್ದಲ್ಲ. ಆದುದರಿಂದ ಮೊದಲ ಸಿಂಪರಣೆಯನ್ನು ರೋಹಿಣಿ ಮಳೆಯ ಹೊತ್ತಿಗೆ, ಮುಂಗಾರು ಜೋರಾಗುವ ಮುನ್ನವೇ ಮುಗಿಸಬೇಕು. ಮಳೆ ಪದರವನ್ನು ತೊಳೆಯುತ್ತದೆ, ಕಾಯಿಯೂ ದಪ್ಪವಾಗುತ್ತದೆ. ಆದುದರಿಂದ 40ರಿಂದ 45 ದಿನಗಳಿಗೆ ಎರಡನೆಯ ಸಿಂಪರಣೆ. ಮಳೆಗಾಲ ಲಂಬಿಸಿದರೆ ಮೂರನೆಯದು. ಉದುರಿದ ಕಾಯಿಗಳಲ್ಲಿಯೂ ಒಣಗಿದ ಕೊನೆಗಳಲ್ಲಿಯೂ ರೋಗದ ಬೀಜ ಉಳಿದಿರುತ್ತದೆ. ಆದುದರಿಂದ ಅವನ್ನು ಆರಿಸಿ ಸುಡಬೇಕು. ತೋಟದ ಕಾಲುವೆ ಬಿಡಿಸಿ ನೀರು ನಿಲ್ಲದಂತೆ ಮಾಡಬೇಕು.

ದ್ರಾವಣ ಮಾಡುವ ಬಗೆ: 1 ಕಿಲೋ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿ ಕರಗಿಸಿ. 1 ಕಿಲೋ ಒಳ್ಳೆಯ ಸುಡುಸುಣ್ಣವನ್ನು ಅರಳಿಸಿ, ಸೋಸಿ, ಇನ್ನೊಂದು ಪಾತ್ರೆಯಲ್ಲಿ 50 ಲೀಟರು ಮಾಡಿ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕಲಕಿ. ಆಕಾಶದ ನೀಲಿ ಬಣ್ಣ ಬರಬೇಕು. ಕಬ್ಬಿಣದ ಪಾತ್ರೆ ಕೂಡದು. ಮಾಡಿದ ದ್ರಾವಣವನ್ನು ಆ ದಿನವೇ ಬಳಸಿ ಮುಗಿಸಬೇಕು. ಕಣ್ಣಿಗೆ ಬೀಳದಂತೆ ಎಚ್ಚರವಿರಲಿ, ಕೆಲಸ ಮುಗಿದ ಮೇಲೆ ಕೈ ಮೈ ತೊಳೆಯಿರಿ.

ಈಗ ಪ್ರಕೃತಿಯ ಕಟ್ಟಳೆಯನ್ನು ನೀವೇ ಪರೀಕ್ಷಿಸಿ ನೋಡಿ. ಚೆನ್ನಾಗಿ ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಚಾಕುವಿನ ಮೇಲೆ ಕೆಂಪು ಬಣ್ಣ ಕುಳಿತರೆ ತುತ್ತ ಹೆಚ್ಚಾಗಿದೆ, ಸುಣ್ಣ ಸಾಲದು ಎಂದು ಅರ್ಥ. ಆ ಕೆಂಪು ತಾಮ್ರವೇ. ಬಿಡಿಯಾಗಿರುವ ತಾಮ್ರವು ಕಬ್ಬಿಣವನ್ನು ಕಂಡರೆ ಅದರ ಮೇಲೆ ಕುಳಿತುಕೊಳ್ಳುವುದು ಕಟ್ಟಳೆ. ಕೆಂಪು ಬಾರದಾಗುವವರೆಗೆ ಸುಣ್ಣದ ನೀರು ಸೇರಿಸಿ. ಈ ಪರೀಕ್ಷೆ ನಿಮ್ಮ ಮನೆಯಲ್ಲಿ ನಡೆದರೂ ವಿಶ್ವವಿದ್ಯಾನಿಲಯದಲ್ಲಿ ನಡೆದರೂ ಫಲ ಒಂದೇ.

ಇನ್ನೊಂದು ಮಾತು. ಮಳೆಯ ಹನಿಗೂ ಗಾಳಿಗೂ ಬೇಲಿಯ ತಡೆಯಿಲ್ಲ. ಒಬ್ಬನು ಸಿಂಪಡಿಸಿ ಪಕ್ಕದವನು ಬಿಟ್ಟರೆ ರೋಗದ ಬೀಜ ಊರಲ್ಲೇ ಉಳಿಯುತ್ತದೆ. ಆದುದರಿಂದ ಊರಿನವರೆಲ್ಲ ಕೂಡಿ ಒಂದೇ ವಾರದಲ್ಲಿ ಮುಗಿಸುವುದು ಲೇಸು. ಮರ ಹತ್ತುವ ಕೊನೆಗಾರರು ಸಿಗುವುದು ಕಷ್ಟವಾದ ಕಾಲದಲ್ಲಿ ಇದನ್ನು ಮೊದಲೇ ಕುಳಿತು ಮಾತಾಡಿಕೊಳ್ಳಬೇಕು.

ಮನೆಯಲ್ಲಿ ಒಂದು ಪುಸ್ತಕವಿಡಿ. ಸಿಂಪಡಿಸಿದ ದಿನ, ಬಿಡದೆ ಮಳೆ ಸುರಿದ ದಿನಗಳು, ಮೊದಲ ಕಾಯಿ ಉದುರಿದ ದಿನ, ಇಷ್ಟನ್ನು ಬರೆಯಿರಿ. ಮೂರು ನಾಲ್ಕು ವರ್ಷಗಳಲ್ಲಿ ನಿಮ್ಮ ತೋಟದ ಕಟ್ಟಳೆ ನಿಮಗೇ ಕಾಣತೊಡಗುತ್ತದೆ. ಹರಕೆ ಹೊರುವವರು ಹೊರಲಿ, ಅದು ಅವರವರ ಮನಸ್ಸಿನ ಸಮಾಧಾನ. ಆದರೆ ಕೊನೆಗೆ ಮದ್ದು ಬೀಳುವುದು ಮಾತ್ರ ತಪ್ಪದಿರಲಿ. ಮತ್ತು ಕಾಯಿ ಉದುರಿತೆಂದು ನೆರೆಯವನೊಡನೆ ಮಾತು ಬಿಟ್ಟಿದ್ದರೆ, ಈ ಸಲ ಚಾಕುವಿನ ಪರೀಕ್ಷೆಗೆ ಅವನನ್ನೂ ಕರೆಯಿರಿ.