ಗಗನಸಖಿಯ ಸೀರೆ ಮತ್ತು ಗಜೇಂದ್ರಗಡದ ಮಗ್ಗ

ಏರ್ ಇಂಡಿಯಾ ಸಂಸ್ಥೆಯು 2023ರ ಡಿಸೆಂಬರ್‌ನಲ್ಲಿ ತನ್ನ ಗಗನಸಖಿಯರು, ಪುರುಷ ಪರಿಚಾರಕರು ಹಾಗೂ ಪೈಲಟ್‌ಗಳ ಹೊಸ ಸಮವಸ್ತ್ರವನ್ನು ಪ್ರಕಟಿಸಿದಾಗ, ಆರು ದಶಕಗಳಿಂದ ಆ ಸಂಸ್ಥೆಯ ಗುರುತಾಗಿದ್ದ ಸೀರೆ ಉಳಿದೀತೇ ಎಂಬ ಕುತೂಹಲಕ್ಕೆ ತೆರೆಬಿತ್ತು. ಸೀರೆ ಉಳಿಯಿತು, ಉಡುವ ಕ್ರಮ ಬದಲಾಯಿತು. ಮುಂಬೈನ ವಸ್ತ್ರವಿನ್ಯಾಸಕ ಮನೀಶ್ ಮಲ್ಹೋತ್ರಾ ರೂಪಿಸಿದ ಈ ಸೀರೆಯಲ್ಲಿ ನಿರಿಗೆಗಳನ್ನು ಮೊದಲೇ ಹಿಡಿದು ಹೊಲಿದಿರುತ್ತಾರೆ. ಬೇಕೆಂದವರು ಅದನ್ನು ಪ್ಯಾಂಟಿನ ಮೇಲೆಯೂ ಧರಿಸಬಹುದು. ಒಂದು ಬಣ್ಣ ಗೆರೆಯಿಲ್ಲದೆ ಕ್ರಮೇಣ ಇನ್ನೊಂದರಲ್ಲಿ ಕರಗುವಂತೆ ಮಾಡುವ ‘ಓಂಬ್ರೆ’ ಎಂಬ ವಿಧಾನವನ್ನು ಇದರಲ್ಲಿ ಬಳಸಲಾಗಿದ್ದು, ಕಿರಿಯ ಸಿಬ್ಬಂದಿಗೆ ಕೆಂಪಿನಿಂದ ನೇರಳೆಗೆ ಹೊರಳುವ ಸೀರೆ, ಹಿರಿಯರಿಗೆ ಬದನೆ ಬಣ್ಣದಿಂದ ಗಾಢ ಕೆಂಪಿಗೆ ಹೊರಳುವ ಸೀರೆ ಎಂದು ಹುದ್ದೆಯ ಅಂತರವನ್ನೂ ಬಣ್ಣದಲ್ಲೇ ಸೂಚಿಸಲಾಗಿದೆ. ಈ ಉಡುಗೆಯನ್ನು ಸಂಸ್ಥೆಯು ಹೊಸ ಎ350 ವಿಮಾನಗಳ ಜೊತೆಯಲ್ಲಿ ಬಳಕೆಗೆ ತರುವುದಾಗಿ ಹೇಳಿತ್ತು. ಆ ಮಾದರಿಯ ಮೊದಲ ವಾಣಿಜ್ಯ ಹಾರಾಟ 2024ರ ಜನವರಿ 22ರಂದು ನಡೆದದ್ದು ಬೆಂಗಳೂರಿನಿಂದ ಮುಂಬೈಗೆ.

ವಿಮಾನ ಪರಿಚಾರಿಕೆಯ ವೃತ್ತಿ ಮಹಿಳೆಯರಿಗೆ ತೆರೆದದ್ದು 1930ರ ಮೇ ತಿಂಗಳಲ್ಲಿ, ಅಮೆರಿಕದ ನರ್ಸ್ ಎಲೆನ್ ಚರ್ಚ್ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಸಂಸ್ಥೆಯ ವಿಮಾನವೇರಿದಾಗ. ಆರಂಭದ ಪರಿಚಾರಿಕೆಯರೆಲ್ಲ ನರ್ಸ್‌ಗಳೇ ಆಗಿದ್ದುದರಿಂದ ಅವರ ಉಡುಗೆಯಲ್ಲಿ ಆಸ್ಪತ್ರೆಯ ಶಿಸ್ತು ಇತ್ತು. ದೇಶದ ಗುರುತನ್ನು ಮೈಮೇಲೆ ತೋರಿಸಬೇಕೆಂಬ ಆಸೆ ವಿಮಾನ ಸಂಸ್ಥೆಗಳಿಗೆ ಬಂದದ್ದು ನಂತರದ ಕಾಲದಲ್ಲಿ. ಪಾಶ್ಚಾತ್ಯ ಲಂಗ-ಕೋಟು ತೊಡುತ್ತಿದ್ದ ಏರ್ ಇಂಡಿಯಾ ಗಗನಸಖಿಯರು ಜೆ.ಆರ್.ಡಿ. ಟಾಟಾ ಅವರ ಅಧ್ಯಕ್ಷತೆಯ ಕಾಲದಲ್ಲಿ, 1960ರ ದಶಕದ ಆರಂಭದ ಹೊತ್ತಿಗೆ ಸೀರೆಗೆ ಬಂದರು. ಆ ಮೊದಲ ರೇಷ್ಮೆ ಸೀರೆಗಳು ಬಿನ್ನಿ ಗಿರಣಿಯಿಂದ ಬಂದವೆಂಬುದು ಸಂಸ್ಥೆಯ ಚರಿತ್ರೆಯಲ್ಲಿ ಕೇಳಿಬರುವ ಮಾತು. ಬಿನ್ನಿ ಕಂಪನಿಗೆ ಮದರಾಸಿನಲ್ಲೂ ಬೆಂಗಳೂರಿನಲ್ಲೂ ಗಿರಣಿಗಳಿದ್ದು, ಹೆಸರಿನಲ್ಲೇ ರೇಷ್ಮೆಯನ್ನು ಸೇರಿಸಿಕೊಂಡಿದ್ದುದು ಬೆಂಗಳೂರಿನ ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ. ಸಿಂಗಪುರದ ಗಗನಸಖಿಯರ ‘ಸರೋಂಗ್ ಕೆಬಾಯ’, ಅಂದರೆ ಬಾಟಿಕ್ ಚಿತ್ತಾರದ ಲುಂಗಿಯಂಥ ಉಡುಗೆ ಮತ್ತು ಮೈಗೊಪ್ಪುವ ರವಿಕೆ, 1968ರಲ್ಲಿ ಫ್ರಾನ್ಸಿನ ವಿನ್ಯಾಸಕ ಪಿಯರ್ ಬಾಲ್ಮೈನ್ ಅವರ ಕೈಯಲ್ಲಿ ಈಗಿನ ರೂಪ ಪಡೆಯಿತು. ಅಲ್ಲಿಯೂ ನೀಲಿ, ಹಸಿರು, ಕೆಂಪು, ನೇರಳೆ ಎಂಬ ನಾಲ್ಕು ಬಣ್ಣಗಳು ನಾಲ್ಕು ಹುದ್ದೆಗಳನ್ನು ಹೇಳುತ್ತವೆ.

ಆದರೆ ಗಗನಸಖಿಯ ಸಮವಸ್ತ್ರ ಮೊದಲಿಗೆ ಕೆಲಸದ ಬಟ್ಟೆ, ಅಲಂಕಾರವಾಗುವುದು ಆಮೇಲೆ. ಪ್ರಯಾಣಿಕರಿಗೆ ಕಾಣುವುದು ಊಟ-ನೀರು ಕೊಡುವ ಕೆಲಸವಾದರೂ ವಿಮಾನಯಾನದ ನಿಯಮಗಳು ಅವಳನ್ನು ಮೂಲತಃ ಸುರಕ್ಷತಾ ಸಿಬ್ಬಂದಿಯೆಂದೇ ಪರಿಗಣಿಸುತ್ತವೆ. ತುಂಬಿದ ವಿಮಾನವನ್ನು ಅರ್ಧದಷ್ಟು ಬಾಗಿಲುಗಳಿಂದಲೇ 90 ಸೆಕೆಂಡುಗಳಲ್ಲಿ ಖಾಲಿ ಮಾಡಲು ಸಾಧ್ಯವೆಂದು ತಯಾರಕರು ತೋರಿಸಿಕೊಡಬೇಕಾಗುತ್ತದೆ, ಮತ್ತು ಆ ಲೆಕ್ಕ ನಿಜವಾಗುವುದು ಬಾಗಿಲ ಬಳಿ ನಿಂತ ಸಿಬ್ಬಂದಿಯಿಂದ. ಬಾಗಿಲು ತೆಗೆಯಲು, ಬಗ್ಗಿ ಜನರನ್ನು ಎತ್ತಲು, ಜಾರುಬಂಡೆಯಲ್ಲಿ ಇಳಿಯಲು ಅಡ್ಡಬರುವ ಉಡುಗೆ ಎಷ್ಟೇ ಚೆಂದವಿದ್ದರೂ ನಿರುಪಯುಕ್ತ. ಬಟ್ಟೆಯ ನೂಲೂ ಮುಖ್ಯವೇ: ಪಾಲಿಯೆಸ್ಟರ್ ಮತ್ತು ನೈಲಾನ್ ಬಿಸಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ, ಉಣ್ಣೆ ಮತ್ತು ರೇಷ್ಮೆ ಬೇಗ ಹೊತ್ತಿಕೊಳ್ಳುವುದಿಲ್ಲ, ಹತ್ತಿ ಉರಿದರೂ ಕರಗುವುದಿಲ್ಲ. ಇಷ್ಟಾಗಿಯೂ ಒಗೆತಕ್ಕೆ ಬಾಳುತ್ತದೆ, ಇಸ್ತ್ರಿ ಬೇಡುವುದಿಲ್ಲ ಎಂಬ ಕಾರಣಕ್ಕೆ ಹಲವು ಸಂಸ್ಥೆಗಳು ಕೃತಕ ನೂಲನ್ನೇ ನೆಚ್ಚುತ್ತವೆ. 2022ರಲ್ಲಿ ಹಾರಾಟ ಆರಂಭಿಸಿದ ಆಕಾಶ ಏರ್, ಬಿಸಾಡಿದ ಪ್ಲಾಸ್ಟಿಕ್ ಬಾಟಲಿಗಳಿಂದ ತೆಗೆದ ಪಾಲಿಯೆಸ್ಟರಿನ ಉಡುಗೆಗೆ ಹಗುರ ಶೂ ಜೋಡಿಸಿತು. ಹಿಮ್ಮಡಿ ಎತ್ತರದ ಚಪ್ಪಲಿಯನ್ನು ಕೈಬಿಟ್ಟದ್ದು ಆ ಸಂಸ್ಥೆ ಮಾಡಿದ ಒಳ್ಳೆಯ ಕೆಲಸ. ಬಟ್ಟೆಯ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾಗದು.

ಸೀರೆ ಕೆಲಸದ ಬಟ್ಟೆಯಾಗಬಲ್ಲದೇ ಎಂಬ ಪ್ರಶ್ನೆ ಮಹಾನಗರದ ವಿನ್ಯಾಸಕರಿಗೆ ಹೊಸದಾಗಿ ಕಂಡರೂ, ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಗಿರುವ ಮೆಣಸಗಿಯಂಥ ಊರುಗಳಲ್ಲಿ ಅದು ಎಂದೋ ಇತ್ಯರ್ಥವಾಗಿದೆ. ಎರೆಹೊಲದಲ್ಲಿ ಕಳೆ ತೆಗೆಯಲು, ಜೋಳ ಕೊಯ್ಯಲು, ಹೊಳೆಯಿಂದ ಕೊಡ ಹೊತ್ತು ತರಲು ಈ ಸೀಮೆಯ ಹೆಂಗಸರು ಉಟ್ಟದ್ದು ಸೀರೆಯನ್ನೇ. 18 ಮೊಳದ, ಅಂದರೆ ಒಂಬತ್ತು ಗಜದ ಸೀರೆಯ ನಿರಿಗೆಯನ್ನು ಕಾಲುಗಳ ನಡುವೆ ಹಿಂದಕ್ಕೆ ಎಳೆದು ಸೊಂಟಕ್ಕೆ ಸಿಕ್ಕಿಸುವ ಕಚ್ಚೆಯ ಕ್ರಮದಲ್ಲಿ ಎರಡು ಕಾಲೂ ಬೇರೆಬೇರೆಯಾಗಿ ಬಿಡುಗಡೆ ಪಡೆಯುತ್ತವೆ. ಏರ್ ಇಂಡಿಯಾ ಸೀರೆಯ ಕೆಳಗೆ ಪ್ಯಾಂಟು ಸೇರಿಸಿ ಸಾಧಿಸಹೊರಟಿರುವುದನ್ನು ಈ ಕ್ರಮ ಒಂದು ಹೊಲಿಗೆಯೂ ಇಲ್ಲದೆ ಸಾಧಿಸಿತ್ತು. ಸೀರೆ ನಡಿಗೆಗೆ ತೊಡಕು ಎಂಬ ದೂರು ಹೆಚ್ಚಾಗಿ ಆರು ಗಜದ ನಗರದ ಉಡಿಕೆಗೆ ಸಲ್ಲುತ್ತದೆ.

ಈ ಕೆಲಸದ ಸೀರೆ ನೆರೆಯ ಇಳಕಲ್ಲಿನಲ್ಲೂ ಗಜೇಂದ್ರಗಡದಲ್ಲೂ ಕುಣಿಮಗ್ಗದಲ್ಲಿ, ಅಂದರೆ ನೇಕಾರ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ತುಳಿಯುವ ಮಗ್ಗದಲ್ಲಿ ತಯಾರಾಗುತ್ತದೆ. ಇಳಕಲ್ ಮಾದರಿಯ ವೈಶಿಷ್ಟ್ಯ ಅದರ ಸೆರಗಿನಲ್ಲಿದೆ. ಸೀರೆಯ ಒಡಲಿಗೆ ಹತ್ತಿಯ ಹಾಸು ಇದ್ದರೂ ಸೆರಗಿಗೆ ಕೆಂಪು ರೇಷ್ಮೆಯ ಹಾಸು ಬೇಕಾಗುತ್ತದೆ. ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳು, ಅವುಗಳ ನಡುವೆ ಲಾಳಿ ಅಡ್ಡಲಾಗಿ ಹಾಯಿಸುವ ಎಳೆ ಹೊಕ್ಕು. ಒಡಲಿನ ಹಾಸಿನ ಪ್ರತಿಯೊಂದು ಎಳೆಯ ಕುಣಿಕೆಯೊಳಗೆ ಸೆರಗಿನ ಹಾಸಿನ ಎಳೆಯ ಕುಣಿಕೆಯನ್ನು ತೂರಿಸಿ ಒಂದಕ್ಕೊಂದು ಸಿಕ್ಕಿಸುತ್ತಾರೆ, ಹೀಗೆ ಸಾವಿರಾರು ಕುಣಿಕೆಗಳನ್ನು ಕೈಯಿಂದ ಕೂಡಿಸುವುದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಕೊಂಡಿ ಬಿದ್ದ ಸಾಲಿನಿಂದಾಚೆಗೆ ಕೆಂಪು ನೆಲದಲ್ಲಿ ಬಿಳಿಯ ತೆನೆಗಳು ಮೂಡುತ್ತವೆ. ಕೊಂಡಿಯ ಕಾರಣದಿಂದ ಹಾಸನ್ನು ಒಂದೊಂದು ಸೀರೆಗೆ ಪ್ರತ್ಯೇಕವಾಗಿಯೇ ಸಿದ್ಧಪಡಿಸಬೇಕಾಗುತ್ತದೆಯೇ ಹೊರತು, ಗಿರಣಿಯಂತೆ ನೂರಾರು ಗಜ ಒಂದೇ ಸಮನೆ ನೇಯಲು ಬರುವುದಿಲ್ಲ.

ಸಮವಸ್ತ್ರದ ಗುತ್ತಿಗೆಗೂ ಈ ಮಗ್ಗಕ್ಕೂ ಹೊಂದಿಕೆಯಾಗದಿರುವುದು ಇಲ್ಲಿಯೇ. ಸಾವಿರಾರು ಸಿಬ್ಬಂದಿಗೆ, ಒಬ್ಬೊಬ್ಬರಿಗೂ ಹಲವು ಜೊತೆ, ಒಂದೇ ಬಣ್ಣದಲ್ಲಿ, ಒಂದೇ ಗಡುವಿನೊಳಗೆ ಬೇಕೆಂಬುದು ಸಂಸ್ಥೆಯ ಷರತ್ತು; ಬಣ್ಣದ ಪ್ರತಿ ಪಾಕದಲ್ಲೂ ಒಂದಿಷ್ಟು ಏರುಪೇರು ಬರುವುದು ಕೈಮಗ್ಗದ ಸ್ವಭಾವ. ಹೀಗಾಗಿ ಕಂಪನಿಗಳು ಮಗ್ಗವನ್ನು ಬಿಟ್ಟು ಮಗ್ಗದ ಚಿತ್ತಾರವನ್ನು ಮಾತ್ರ ಎತ್ತಿಕೊಳ್ಳುತ್ತವೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್ 2023ರ ಅಕ್ಟೋಬರ್‌ನಲ್ಲಿ ಅನಾವರಣಗೊಳಿಸಿದ ವಿಮಾನದ ಬಾಲದ ಮೇಲೆ ಬಾಂಧಣಿಯ, ಅಂದರೆ ಬಟ್ಟೆಯನ್ನು ಗಂಟುಗಂಟಾಗಿ ಕಟ್ಟಿ ಬಣ್ಣದಲ್ಲಿ ಅದ್ದುವ ಕಲೆಯ, ಚುಕ್ಕಿಗಳಿದ್ದವು. ನೋಡಲು ಸೊಗಸು, ನಿಜ. ಬಾಂಧಣಿ ಕಟ್ಟುವವರ ಕೈಗೆ ಅದರಿಂದ ಒಂದು ದಿನದ ಕೂಲಿಯೂ ಹೆಚ್ಚುವುದಿಲ್ಲ. ಇಳಕಲ್ಲಿನ ತೆನೆಯನ್ನು ನಾಳೆ ಯಾರಾದರೂ ಪಾಲಿಯೆಸ್ಟರಿನ ಮೇಲೆ ಅಚ್ಚೊತ್ತಿ ಗಗನಸಖಿಯರಿಗೆ ಉಡಿಸಿದರೆ ಗಜೇಂದ್ರಗಡಕ್ಕೆ ಸಿಗುವ ಗೌರವವೂ ಅಷ್ಟರದ್ದೇ.

ಹಾಗೆಂದು ಕೈಮಗ್ಗಕ್ಕೂ ಸಮವಸ್ತ್ರಕ್ಕೂ ಸಂಬಂಧವೇ ಇಲ್ಲ ಎನ್ನುವಂತಿಲ್ಲ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವು ವಿದ್ಯಾವಿಕಾಸ ಯೋಜನೆಯಡಿ ಸರ್ಕಾರಿ ಶಾಲೆಯ ಮಕ್ಕಳ ಸಮವಸ್ತ್ರದ ಬಟ್ಟೆಯನ್ನು ನೇಕಾರರಿಂದ ನೇಯಿಸಿ ಪೂರೈಸಿದೆ; ಬೇಡಿಕೆ ವರ್ಷವರ್ಷವೂ ಬರುವುದೆಂಬ ಭರವಸೆಯಿದ್ದಾಗ ಚದುರಿದ ಮಗ್ಗಗಳೂ ದೊಡ್ಡ ಪ್ರಮಾಣದ ಬಟ್ಟೆ ಕೊಡಬಲ್ಲವೆಂಬುದಕ್ಕೆ ಅದೇ ಸಾಕ್ಷಿ. ವಿಮಾನ ಸಂಸ್ಥೆಗೆ ಇಡೀ ಸೀರೆಯನ್ನು ನೇಯ್ದು ಕೊಡುವುದು ಕಷ್ಟವಾದರೆ, ಹೆಗಲಿನಿಂದ ಎದೆಗೆ ಇಳಿಯುವ ಸೆರಗಿನ ತುಂಡು, ಕೊರಳಿನ ಪಟ್ಟಿ, ಕುಪ್ಪಸಕ್ಕೆ ಗುಳೇದಗುಡ್ಡದ ಖಣ ಇಂಥವನ್ನು ಮಗ್ಗದಿಂದಲೇ ಪಡೆಯಬಹುದು. ಖಣವಂತೂ ಹುಟ್ಟುವುದೇ ಕುಪ್ಪಸದ ಅಳತೆಗೆ. ಬಣ್ಣದ ಅಲ್ಪ ವ್ಯತ್ಯಾಸವನ್ನು ದೋಷವೆಂದು ತಳ್ಳದ ಷರತ್ತು, ಒಂದು ವರ್ಷ ಮುಂಚಿತವಾದ ಆರ್ಡರ್, ನೂಲಿಗೆ ಮುಂಗಡ, ಈ ಮೂರಿದ್ದರೆ ಕೆಲಸ ಸಾಗುತ್ತದೆ.

ಸಾವಿರಾರು ಸಿಬ್ಬಂದಿಯ ದೊಡ್ಡ ಸಂಸ್ಥೆಯಿಂದ ಇದನ್ನು ಆರಂಭಿಸುವುದು ಅವಸರದ ಮಾತು. ಸಂಜಯ್ ಘೋಡಾವತ್ ಸಮೂಹದ ಸ್ಟಾರ್ ಏರ್ 2019ರ ಜನವರಿಯಲ್ಲಿ ತನ್ನ ಸೇವೆಯನ್ನು ಆರಂಭಿಸಿದ್ದು ಹುಬ್ಬಳ್ಳಿ-ಬೆಂಗಳೂರು ಮಾರ್ಗದಿಂದ. ಉತ್ತರ ಕರ್ನಾಟಕದ ಊರುಗಳನ್ನು ಕಟ್ಟಿಕೊಂಡು ಬೆಳೆದ ಇಂಥ ಪ್ರಾದೇಶಿಕ ಸಂಸ್ಥೆಗೆ ಬೇಕಾಗುವ ಸಮವಸ್ತ್ರಗಳ ಪ್ರಮಾಣ ಈ ಸೀಮೆಯ ಮಗ್ಗಗಳ ಅಳವಿಗೆ ಮೀರಿದ್ದಲ್ಲ. ವಿನ್ಯಾಸಕರು ಗಜೇಂದ್ರಗಡವನ್ನು ಹುಡುಕಿಕೊಂಡು ಬರಲೆಂದು ಕಾಯುವುದರ ಬದಲು, ಕೈಮಗ್ಗ ನಿಗಮವೇ ಮಾದರಿಯ ತುಂಡು, ದರಪಟ್ಟಿ ಮತ್ತು ಬಟ್ಟೆಯ ಉರಿ-ಪರೀಕ್ಷೆಯ ವರದಿ ಹಿಡಿದು ಅಂಥ ಸಂಸ್ಥೆಗಳ ಬಾಗಿಲಿಗೆ ಹೋಗಬೇಕು.