ಏಳು ಜನ ಗಗನಯಾತ್ರಿಗಳು ಮತ್ತು ಒಂದು ರಬ್ಬರ್ ಬಳೆ



ಹೋದ ವಾರ ವಿಜ್ಞಾನದ ಪೀರಿಯಡ್ಡಿನಲ್ಲಿ ನಮ್ಮ ಮೇಷ್ಟ್ರು ಚಾಲೆಂಜರ್ ಎಂಬ ಬಾಹ್ಯಾಕಾಶ ನೌಕೆಯ ಕಥೆ ಹೇಳಿದರು. ಅದರಲ್ಲಿದ್ದ ಏಳೂ ಜನ ಸತ್ತರು ಎಂದಾಗ ಕ್ಲಾಸೆಲ್ಲ ಗಪ್‌ಚಿಪ್ ಆಯಿತು. ಆಗ ಹಿಂದಿನ ಬೆಂಚಿನಿಂದ ಒಬ್ಬ, "ಸಾರ್, ಅವರು ಅಮೆರಿಕದವರು. ನಮಗೇನು ನೆಂಟರಾ? ನಾವ್ಯಾಕೆ ದುಃಖ ಪಡಬೇಕು?" ಎಂದು ಕೇಳಿದ. ಕೆಲವರು ನಕ್ಕರು. ನಾನೂ ನಕ್ಕೆ. ಮೇಷ್ಟ್ರು ಬೈಯಲಿಲ್ಲ. "ಪ್ರಶ್ನೆ ಚೆನ್ನಾಗಿದೆ. ಯಾರಾದರೂ ಉತ್ತರ ಬರೆದು ಗೋಡೆ ಪತ್ರಿಕೆಗೆ ಹಾಕಿ ನೋಡೋಣ" ಎಂದರು. ನಕ್ಕಿದ್ದು ಆಮೇಲೆ ನನಗೇ ಬೇಜಾರಾಯಿತು. ಅದಕ್ಕೇ ಪುಸ್ತಕ ಓದಿ, ಮೇಷ್ಟ್ರನ್ನು ಕೇಳಿ ತಿಳಿದುಕೊಂಡು ಈ ಲೇಖನ ಬರೆದಿದ್ದೇನೆ.

ಅವರು ಯಾರು?

ನೌಕೆಯ ನಾಯಕರು ಡಿಕ್ ಸ್ಕೋಬಿ. ಪೈಲಟ್ ಮೈಕೆಲ್ ಸ್ಮಿತ್. ಜೂಡಿತ್ ರೆಸ್ನಿಕ್ ಮತ್ತು ಗ್ರೆಗರಿ ಜಾರ್ವಿಸ್ ಇಂಜಿನಿಯರುಗಳು. ಎಲಿಸನ್ ಒನಿಜುಕ ಹವಾಯಿ ದ್ವೀಪದಲ್ಲಿ ಹುಟ್ಟಿದವರು. ರೊನಾಲ್ಡ್ ಮೆಕ್‌ನೇರ್ ಭೌತಶಾಸ್ತ್ರದ ವಿಜ್ಞಾನಿ. ಇವರು ಚಿಕ್ಕವರಿದ್ದಾಗ, ಕಪ್ಪು ಜನಾಂಗದ ಹುಡುಗ ಎಂದು ಅವರೂರಿನ ಲೈಬ್ರರಿಯಲ್ಲಿ ಪುಸ್ತಕ ಕೊಡಲು ತಕರಾರು ಮಾಡಿದ್ದರಂತೆ. ಈಗ ಅದೇ ಕಟ್ಟಡಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ!

ಏಳನೆಯವರು ಕ್ರಿಸ್ಟಾ ಮೆಕಾಲಿಫ್. ಅವರು ಗಗನಯಾತ್ರಿಯೇ ಅಲ್ಲ, ನಮ್ಮ ಟೀಚರುಗಳ ಹಾಗೆ ಶಾಲೆಯಲ್ಲಿ ಸಮಾಜ ಪಾಠ ಮಾಡುತ್ತಿದ್ದ ಟೀಚರ್. ಒಬ್ಬ ಶಿಕ್ಷಕರನ್ನು ಬಾಹ್ಯಾಕಾಶಕ್ಕೆ ಕಳಿಸುತ್ತೇವೆ ಎಂದು ನಾಸಾ ಸಂಸ್ಥೆ ಹೇಳಿದಾಗ 11,000ಕ್ಕೂ ಹೆಚ್ಚು ಜನ ಅರ್ಜಿ ಹಾಕಿದ್ದರು. ಅಷ್ಟು ಜನರಲ್ಲಿ ಇವರನ್ನು ಆರಿಸಿದರು. ಆಗ ಅವರಿಗೆ ಇಬ್ಬರು ಚಿಕ್ಕ ಮಕ್ಕಳು. ಬಾಹ್ಯಾಕಾಶದಿಂದಲೇ ಮಕ್ಕಳಿಗೆ ಎರಡು ಪಾಠ ಮಾಡಬೇಕು ಎಂದು ತಯಾರಿ ಮಾಡಿಕೊಂಡಿದ್ದರು.

ಏನಾಯಿತು?

1986ನೇ ಇಸವಿ ಜನವರಿ 28, ಮಂಗಳವಾರ. ಅಮೆರಿಕದ ಫ್ಲಾರಿಡಾ ರಾಜ್ಯದ ಸಮುದ್ರ ತೀರ. ಹಿಂದಿನ ರಾತ್ರಿ ವಿಪರೀತ ಚಳಿ ಬಿದ್ದು, ನೌಕೆ ಹಾರಿಸುವ ಕಟ್ಟೆಯ ಮೇಲೆಲ್ಲ ಮಂಜುಗಡ್ಡೆ ಕಟ್ಟಿಕೊಂಡಿತ್ತು. ಬೆಳಿಗ್ಗೆ 11 ಗಂಟೆ 38 ನಿಮಿಷಕ್ಕೆ ಚಾಲೆಂಜರ್ ಮೇಲೆ ಹಾರಿತು. ಕ್ರಿಸ್ಟಾ ಅವರ ಅಪ್ಪ ಅಮ್ಮ ಕೆಳಗೆ ನಿಂತು ನೋಡುತ್ತಿದ್ದರು. ಅವರ ಶಾಲೆಯ ಮಕ್ಕಳು, ಬೇರೆ ಬೇರೆ ಊರಿನ ಶಾಲೆಯ ಮಕ್ಕಳು ಟಿ.ವಿ. ಮುಂದೆ ಕೂತು ಚಪ್ಪಾಳೆ ತಟ್ಟುತ್ತಿದ್ದರು.

ಬರೀ 73 ಸೆಕೆಂಡು. ನಾವು ಒಂದರಿಂದ ಎಪ್ಪತ್ತಮೂರರವರೆಗೆ ನಿಧಾನವಾಗಿ ಎಣಿಸುವಷ್ಟು ಹೊತ್ತು. ಸುಮಾರು 14 ಕಿಲೋಮೀಟರ್ ಎತ್ತರದಲ್ಲಿ ನೌಕೆ ಚೂರುಚೂರಾಯಿತು. ಆಕಾಶದಲ್ಲಿ ಬಿಳಿ ಹೊಗೆ ಎರಡು ಕವಲಾಗಿ ಹೋಯಿತು. ಕೆಳಗಿದ್ದವರಿಗೆ ಏನಾಯಿತೆಂದು ತಕ್ಷಣ ಅರ್ಥವೇ ಆಗಲಿಲ್ಲ.

ಯಾಕೆ ಹಾಗಾಯಿತು?

ಇದನ್ನು ತಿಳಿಯಲು ನೌಕೆ ಹೇಗಿತ್ತು ಅಂತ ಸ್ವಲ್ಪ ತಿಳಿಯಬೇಕು. ರೆಕ್ಕೆ ಇರುವ ವಿಮಾನದಂಥ ಭಾಗದಲ್ಲಿ ಜನ ಕೂರುತ್ತಿದ್ದರು. ಅದನ್ನು ಒಂದು ದೊಡ್ಡ ಕಿತ್ತಳೆ ಬಣ್ಣದ ಟ್ಯಾಂಕಿಗೆ ಜೋಡಿಸಿರುತ್ತಿದ್ದರು. ಟ್ಯಾಂಕಿನಲ್ಲಿ ದ್ರವ ಜಲಜನಕ ಮತ್ತು ದ್ರವ ಆಮ್ಲಜನಕ ಇರುತ್ತಿತ್ತು. ಟ್ಯಾಂಕಿನ ಎಡಕ್ಕೊಂದು ಬಲಕ್ಕೊಂದು ಬಿಳಿ ರಾಕೆಟ್. ಇವಕ್ಕೆ ಬೂಸ್ಟರ್ ಅಂತ ಹೆಸರು. ಬೂಸ್ಟರನ್ನು ಒಂದೇ ಕೊಳವೆಯಾಗಿ ಮಾಡುತ್ತಿರಲಿಲ್ಲ, ತುಂಡು ತುಂಡು ಮಾಡಿ ತಂದು ಒಂದರ ಮೇಲೊಂದು ಜೋಡಿಸುತ್ತಿದ್ದರು. ಜೋಡಿಸಿದ ಕಡೆ ಬಿಸಿ ಗಾಳಿ ಹೊರಗೆ ಬರಬಾರದೆಂದು ರಬ್ಬರಿನ ಬಳೆಗಳನ್ನು ಹಾಕಿರುತ್ತಿದ್ದರು. ಈ ಬಳೆಗೆ ಓ-ರಿಂಗ್ ಎನ್ನುತ್ತಾರೆ. ಬಳೆಯ ಅಗಲ ಸುಮಾರು 12 ಅಡಿ, ಆದರೆ ದಪ್ಪ ಮಾತ್ರ ನಮ್ಮ ಪೆನ್ಸಿಲ್ಲಿನಷ್ಟು!

ಇದು ನಮಗೆ ಗೊತ್ತಿಲ್ಲದ ವಸ್ತುವೇನೂ ಅಲ್ಲ. ನಮ್ಮ ಮನೆಯ ಕುಕ್ಕರಿನ ಮುಚ್ಚಳದಲ್ಲಿರುವ ರಬ್ಬರೂ ಮಾಡುವುದು ಇದೇ ಕೆಲಸ. ಒಳಗಿನ ಆವಿ ಸಂದಿಯಲ್ಲಿ ನುಗ್ಗದಂತೆ ತಡೆಯುತ್ತದೆ. ರಬ್ಬರ್ ಮೆತ್ತಗಿದ್ದರೆ ಒತ್ತಿದಾಗ ಅಮುಕಿಕೊಂಡು, ಬಿಟ್ಟಾಗ ಉಬ್ಬಿ ಸಂದಿ ಮುಚ್ಚುತ್ತದೆ. ಬಿರುಸಾದರೆ ಉಬ್ಬುವುದಿಲ್ಲ.

ಬೂಸ್ಟರ್ ಹೊತ್ತಿಕೊಂಡ ತಕ್ಷಣ ಜೋಡಣೆಯ ಸಂದಿ ಒಂಚೂರು ಅಗಲವಾಗುತ್ತಿತ್ತು. ರಬ್ಬರ್ ಬಳೆ ಕಣ್ಣು ಮಿಟುಕಿಸುವುದರೊಳಗೆ ಉಬ್ಬಿ ಅದನ್ನು ಮುಚ್ಚಬೇಕಿತ್ತು. ಅವತ್ತಿನ ಚಳಿಗೆ ಬಳೆ ಬಿರುಸಾಗಿತ್ತು. ಮುಚ್ಚಲಿಲ್ಲ. ಬಲಗಡೆಯ ಬೂಸ್ಟರಿನ ಕೆಳಗಿನ ಜೋಡಣೆಯಿಂದ ಬೆಂಕಿ ಹೊರಗೆ ಬಂದು ಟ್ಯಾಂಕನ್ನು ಸುಟ್ಟಿತು. ಟ್ಯಾಂಕ್ ಒಡೆಯಿತು. ಅಷ್ಟು ವೇಗದಲ್ಲಿ ಹೋಗುತ್ತಿದ್ದ ನೌಕೆ ಗಾಳಿಯ ಹೊಡೆತಕ್ಕೆ ಮುರಿದು ಹೋಯಿತು.

ಗೊತ್ತಿದ್ದವರು ಹೇಳಿದ್ದರು!

ಇದನ್ನು ಓದಿದಾಗ ನನಗೆ ನಿಜವಾಗಿ ಅಳು ಬಂತು. ಬೂಸ್ಟರ್ ತಯಾರಿಸುವ ಕಂಪನಿಯಲ್ಲಿ ರೋಜರ್ ಬೋಜಲಿ ಎಂಬ ಇಂಜಿನಿಯರ್ ಇದ್ದರು. 1985ರ ಜುಲೈನಲ್ಲೇ ಅವರು, ಈ ಜೋಡಣೆ ಸರಿಯಿಲ್ಲ, ಸರಿಮಾಡದಿದ್ದರೆ ದೊಡ್ಡ ಅನಾಹುತವಾಗುತ್ತದೆ ಎಂದು ಮೇಲಿನವರಿಗೆ ಪತ್ರ ಬರೆದಿದ್ದರು. ನೌಕೆ ಹಾರುವ ಹಿಂದಿನ ರಾತ್ರಿ ಅವರು, ಅವರ ಜೊತೆಯ ಇಂಜಿನಿಯರುಗಳು ಫೋನಿನಲ್ಲಿ ನಡೆದ ಮೀಟಿಂಗಿನಲ್ಲಿ, ಇಷ್ಟು ಚಳಿಯಲ್ಲಿ ಹಾರಿಸಬೇಡಿ ಎಂದು ಬೇಡಿಕೊಂಡರು. ಅದಕ್ಕೆ ಮೊದಲು ಹಾರಿಸಿದ್ದರಲ್ಲಿ ಅತಿ ಚಳಿಯ ದಿನ 12 ಡಿಗ್ರಿ ಇತ್ತು. ಅವತ್ತೇ ರಬ್ಬರ್ ಬಳೆ ದಾಟಿ ಮಸಿ ಬಂದಿತ್ತು. ಈ ಸಲ ಬರೀ 2 ಡಿಗ್ರಿ. ಆದರೆ ನೌಕೆ ಹಾರುವುದು ಆಗಲೇ ಎಷ್ಟೋ ಸಲ ಮುಂದಕ್ಕೆ ಹೋಗಿತ್ತು. ಕೊನೆಗೆ ಕಂಪನಿಯ ದೊಡ್ಡವರು ಇಂಜಿನಿಯರುಗಳ ಮಾತು ಬಿಟ್ಟು ಒಪ್ಪಿಗೆ ಕೊಟ್ಟುಬಿಟ್ಟರು.

ನಮ್ಮ ಮನೆಯಲ್ಲೂ ಹೀಗೇ ಆಗಿದೆ. ಹೋದ ವರ್ಷ ನಮ್ಮಜ್ಜಿ, "ಕುಕ್ಕರಿನ ರಬ್ಬರು ಹಳೇದಾಗಿ ಬಿರುಸಾಗದೆ ಕಣವ್ವ, ಇಡಬ್ಯಾಡ" ಅಂತ ಎರಡು ಸಲ ಅಮ್ಮನಿಗೆ ಹೇಳಿದ್ದರು. ಅಮ್ಮ, "ಇಷ್ಟು ದಿನ ಏನೂ ಆಗಿಲ್ಲವಲ್ಲ, ಸಂತೆ ದಿನ ತಂದರಾಯ್ತು ಬಿಡಿ ಅತ್ತೆ" ಅಂದರು. ಮಾರನೇ ದಿನ ಮುಚ್ಚಳದ ಸಂದಿಯಿಂದ ಬಿಸಿ ಬೇಳೆಕಟ್ಟು ಬುಸ್ಸೆಂದು ಗೋಡೆಗೆಲ್ಲ ಹಾರಿತು. ನನ್ನ ತಮ್ಮ ಆಗಷ್ಟೇ ಒಲೆ ಹತ್ತಿರದಿಂದ ಎದ್ದು ಹೋಗಿದ್ದ. ಅವತ್ತೆಲ್ಲ ಅಮ್ಮ ಅವನನ್ನು ಕೆಳಗೇ ಬಿಡಲಿಲ್ಲ. "ಇಷ್ಟು ದಿನ ಏನೂ ಆಗಿಲ್ಲ" ಎಂಬ ಮಾತು ಎಷ್ಟು ಅಪಾಯದ್ದು ನೋಡಿ.

ಒಂದು ಲೋಟ ತಣ್ಣೀರು

ಅಪಘಾತ ಯಾಕಾಯಿತೆಂದು ನೋಡಲು ಒಂದು ಸಮಿತಿ ಮಾಡಿದರು. ಅದರಲ್ಲಿ ನೊಬೆಲ್ ಬಹುಮಾನ ಪಡೆದ ವಿಜ್ಞಾನಿ ರಿಚರ್ಡ್ ಫೈನ್‌ಮನ್ ಇದ್ದರು. 1986ರ ಫೆಬ್ರವರಿ 11ರಂದು ಅವರು ಎಲ್ಲರೆದುರು ಆ ರಬ್ಬರಿನ ಒಂದು ತುಂಡನ್ನು ಕ್ಲಾಂಪಿನಲ್ಲಿ ಅಮುಕಿ, ಐಸ್ ಹಾಕಿದ ನೀರಿನ ಲೋಟದಲ್ಲಿ ಮುಳುಗಿಸಿದರು. ಆಮೇಲೆ ತೆಗೆದು ಬಿಚ್ಚಿದರೆ ರಬ್ಬರ್ ಮೊದಲಿನ ಹಾಗೆ ಉಬ್ಬಲೇ ಇಲ್ಲ! ದೊಡ್ಡ ಯಂತ್ರ ಯಾವುದೂ ಬೇಕಾಗಲಿಲ್ಲ. ಒಂದು ಲೋಟ ನೀರಿನಲ್ಲಿ ಸತ್ಯ ಗೊತ್ತಾಯಿತು.

ಮತ್ತೆ ಅದೇ ತಪ್ಪು

2003ರ ಫೆಬ್ರವರಿ 1ರಂದು ಕೊಲಂಬಿಯಾ ಎಂಬ ನೌಕೆ ಭೂಮಿಗೆ ವಾಪಸ್ ಬರುವಾಗ ಒಡೆದುಹೋಯಿತು. ಅದರಲ್ಲೂ ಏಳು ಜನ. ಒಬ್ಬರು ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ. ಹಾರುವಾಗ ಟ್ಯಾಂಕಿನಿಂದ ಕಿತ್ತುಬಂದ ಫೋಮ್ ತುಂಡು ಎಡ ರೆಕ್ಕೆಗೆ ಬಡಿದು ತೂತಾಗಿತ್ತು. ಇಳಿಯುವಾಗ ಅಲ್ಲಿಂದ ಬಿಸಿ ಗಾಳಿ ಒಳಗೆ ನುಗ್ಗಿತು. ಕೆಲವು ಇಂಜಿನಿಯರುಗಳು, ರೆಕ್ಕೆಯ ಫೋಟೋ ತೆಗೆಸಿ ನೋಡೋಣ ಎಂದು ಕೇಳಿದ್ದರು. ತೆಗೆಸಲಿಲ್ಲ. ಮುಂಚೆಯೂ ಫೋಮ್ ಬಡಿದಿತ್ತು, ಏನೂ ಆಗಿರಲಿಲ್ಲ ಅಂತ ಸುಮ್ಮನಾದರು. ನಮ್ಮ ದೇಶ ತನ್ನ ಒಂದು ಹವಾಮಾನ ಉಪಗ್ರಹಕ್ಕೆ ಆ ವರ್ಷವೇ 'ಕಲ್ಪನಾ-1' ಎಂದು ಹೆಸರಿಟ್ಟಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ನಮ್ಮ ಇಸ್ರೋ ಸಂಸ್ಥೆಯ ಉಪಗ್ರಹ ಅದು.

ಅವರನ್ನು ಹೇಗೆ ನೆನೆಯುತ್ತಾರೆ?

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆಲ್ಲ ಒಟ್ಟಿಗೆ ಎಡೆ ಇಡುವ ಹಾಗೆ, ನಾಸಾದವರೂ ಪ್ರತಿವರ್ಷ ಜನವರಿ ಕೊನೆಯ ಹೊತ್ತಿಗೆ ತಮ್ಮವರನ್ನೆಲ್ಲ ಒಟ್ಟಿಗೆ ನೆನೆಯುತ್ತಾರೆ. 1967ರ ಜನವರಿ 27ರಂದು ಅಪೋಲೋ-1ರ ಬೆಂಕಿಯಲ್ಲಿ ಸತ್ತ ಮೂವರನ್ನೂ ನೆನೆಯುತ್ತಾರೆ. ಫ್ಲಾರಿಡಾದಲ್ಲಿ ಕನ್ನಡಿಯಂತೆ ಹೊಳೆಯುವ ದೊಡ್ಡ ಕಲ್ಲಿನ ಗೋಡೆ ಇದೆ. ಹೆಸರುಗಳನ್ನು ಆ ಕಲ್ಲಿನ ಈ ಕಡೆಯಿಂದ ಆ ಕಡೆಗೆ ಕೊರೆದಿದ್ದಾರೆ. ಆದ್ದರಿಂದ ಬೆಳಕು ತೂರಿ ಬಂದು ಹೆಸರುಗಳು ಆಕಾಶದಲ್ಲೇ ಬರೆದ ಹಾಗೆ ಕಾಣುತ್ತವೆ.

ಬಾಬ್ ಎಬಲಿಂಗ್ ಎಂಬ ಇಂಜಿನಿಯರ್ ಕೂಡ ಬೇಡ ಎಂದವರಲ್ಲಿ ಒಬ್ಬರು. ತಪ್ಪು ಅವರದ್ದಲ್ಲದಿದ್ದರೂ, ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು ಎಂದು 30 ವರ್ಷ ಕೊರಗಿದರು. 2016ರಲ್ಲಿ ರೇಡಿಯೋದಲ್ಲಿ ಅವರ ಸಂಕಟ ಕೇಳಿದ ಎಷ್ಟೋ ಜನ, ನಿಮ್ಮ ತಪ್ಪಿಲ್ಲ ಅಂತ ಕಾಗದ ಬರೆದರು. ಅವರ ಮನಸ್ಸು ಹಗುರಾಯಿತು. ಅದೇ ವರ್ಷ ಅವರು ತೀರಿಕೊಂಡರು.

ಕ್ರಿಸ್ಟಾ ಟೀಚರ್ ಮಾಡಬೇಕಿದ್ದ ಪಾಠ ಏನಾಯಿತು ಅಂತೀರಾ? 2018ರಲ್ಲಿ, ಮುಂಚೆ ಮೇಷ್ಟ್ರಾಗಿದ್ದ ಜೋ ಅಕಾಬಾ ಮತ್ತು ರಿಕಿ ಆರ್ನಾಲ್ಡ್ ಎಂಬ ಇಬ್ಬರು ಗಗನಯಾತ್ರಿಗಳು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಆ ಪಾಠದ ಪ್ರಯೋಗಗಳಲ್ಲಿ ಕೆಲವನ್ನು ಮಾಡಿ ತೋರಿಸಿದರು. 32 ವರ್ಷ ತಡವಾಯಿತು, ಆದರೂ ಪಾಠ ನಿಲ್ಲಲಿಲ್ಲ.

ನನ್ನ ಉತ್ತರ

ಹಿಂದಿನ ಬೆಂಚಿನ ಗೆಳೆಯನೇ, ಅವರು ನಮ್ಮ ನೆಂಟರಲ್ಲ, ನಿಜ. ಆದರೆ ಟೀಚರ್ ಬರುತ್ತಾರೆ, ಪಾಠ ಮಾಡುತ್ತಾರೆ ಅಂತ ಕಾಯುತ್ತಾ ಕೂತ ಮಕ್ಕಳು ನಮ್ಮ ವಯಸ್ಸಿನವರೇ. ಸತ್ತವರಿಗಾಗಿ ಅಳುವುದು ಒಂದು ದಿನದ ಕೆಲಸ. ಯಾಕೆ ಸತ್ತರು ಅಂತ ತಿಳಿದು, ಅದು ಇನ್ನೊಮ್ಮೆ ಆಗದ ಹಾಗೆ ನೋಡಿಕೊಳ್ಳುವುದು ದಿನಾ ಮಾಡುವ ಕೆಲಸ. ಎರಡೂ ಸೇರಿದರೇ ಶೋಕ ಅಂತ ನನಗನ್ನಿಸುತ್ತದೆ.

ಅದಕ್ಕೆ ಏನಾದರೂ ಸರಿಯಿಲ್ಲ ಅಂತ ಕಣ್ಣಿಗೆ ಬಿದ್ದರೆ ಹೆದರದೆ ಹೇಳೋಣ. ಬೇರೆಯವರು ಹೇಳಿದರೆ, ಅವರು ಚಿಕ್ಕವರಾಗಲಿ ಅಜ್ಜಿಯಾಗಲಿ, ನಿಂತು ಕೇಳೋಣ.

ತಪ್ಪಿದ್ದರೆ ತಿದ್ದಿ.

– ಏಳನೇ ತರಗತಿಯ ವಿದ್ಯಾರ್ಥಿನಿ