ಕೆರೆಯಂಚು, ಹಟ್ಟಿ, ದೊಡ್ಡಿ: ಕೋಲಾರ ಸೀಮೆಯ ಋತುಮಾನದ ನೆಲೆಗಳ ನಾಮವಿಚಾರ

ಭೂಪಟವು ನೀರಿನ ಅಂಚನ್ನು ಒಂದು ಗೆರೆಯಾಗಿಯೂ ವಸತಿಯನ್ನು ಒಂದು ಬಿಂದುವಾಗಿಯೂ ತೋರಿಸುತ್ತದೆ. ಋತುವಿಗನುಗುಣವಾಗಿ ನೆಲೆ ಬದಲಿಸುವ ದ್ವೀಪವಾಸಿಗಳ ತೀರವನ್ನು ನಕ್ಷೆಗಿಳಿಸುವಾಗ ಎದುರಾಗುವ ತೊಡಕು ಇದೇ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಸೀಮೆಯಲ್ಲಿ ಕೆರೆಯೇ ತೀರ. ಹೋಳೂರು, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸುತ್ತ ಮಳೆಗಾಲದಲ್ಲಿ ಮುಳುಗುವ ನೆಲ ಬೇಸಿಗೆಯಲ್ಲಿ ‘ಕೆರೆಯಂಗಳ’ವಾಗಿ ದನಕುರಿಗಳ ಮೇವಿಗೆ ತೆರೆದುಕೊಳ್ಳುತ್ತದೆ. ಈ ಚಲನೆಯ ಕುರುಹನ್ನು ನಕ್ಷೆಗಿಂತ ಸ್ಥಳನಾಮದ ವಾರ್ಗಿಕವೇ ಹೆಚ್ಚು ಉಳಿಸಿಕೊಂಡಿರುತ್ತದೆ ಎಂಬುದು ಈ ಬರಹದ ವಾದ.

‘ಹಟ್ಟಿ’ಯನ್ನು ಗಮನಿಸೋಣ. ಹಳಗನ್ನಡದ ಪದಾದಿ ಪಕಾರವು ನಡುಗನ್ನಡದ ವೇಳೆಗೆ ಹಕಾರವಾಯಿತು; ತಮಿಳಿನ ‘ಪಟ್ಟಿ’ ಪಕಾರವನ್ನು ಉಳಿಸಿಕೊಂಡಿದೆ. ಕರಾವಳಿಯ ಕನ್ನಡದಲ್ಲಿ ಹಟ್ಟಿ ಎಂದರೆ ದನದ ಕೊಟ್ಟಿಗೆ. ಬಯಲುಸೀಮೆಯ ಗೊಲ್ಲರಹಟ್ಟಿಯಲ್ಲಿ ಅದು ಜನವಸತಿ. ನೀಲಗಿರಿಯ ಬಡಗರಲ್ಲಿ ಊರಿಗೇ ಆ ಹೆಸರು. ಕೊಟ್ಟಿಗೆಯಿಂದ ಕೇರಿಗೆ, ಕೇರಿಯಿಂದ ಊರಿಗೆ ನಡೆದ ಅರ್ಥವಿಸ್ತಾರವು ತಂಗುದಾಣವೊಂದು ನೆಲೆಯೂರುವ ಕ್ರಮವನ್ನೇ ಹೋಲುತ್ತದೆ. ಕನ್ನಡ, ತೆಲುಗುಗಳೆರಡರಲ್ಲಿಯೂ ದನ ಕೂಡುವ ಜಾಗವಾಗಿರುವ ‘ದೊಡ್ಡಿ’ಯದೂ ಇದೇ ಹಾದಿ, ಕನಕಪುರ, ರಾಮನಗರ ಭಾಗದ ಅನೇಕ ಊರಹೆಸರುಗಳು ಅದರಿಂದಲೇ ಕೊನೆಗೊಳ್ಳುತ್ತವೆ.

ಆದರೆ ವಾರ್ಗಿಕವೊಂದೇ ಋತುಮಾನದ ವಾಸಕ್ಕೆ ಸಾಕ್ಷ್ಯವಾಗದು. ತಲೆಮಾರುಗಳಿಂದ ಸ್ಥಿರವಾಗಿ ನೆಲೆಸಿದ ಹಟ್ಟಿಗಳಿವೆ. ದ್ವಿಭಾಷಾ ಗಡಿಯಲ್ಲಿ ರೂಪಗಳೂ ಬೆರೆಯುತ್ತವೆ: ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯಲ್ಲಿರುವುದು ಕನ್ನಡದ ‘ಹಳ್ಳಿ’ಯಲ್ಲ, ತೆಲುಗಿನ ‘ಪಲ್ಲಿ’. ಬರಹದ ರೂಪವನ್ನಷ್ಟೇ ನಂಬಿದರೆ ಹೆಸರಿಟ್ಟವರ ಭಾಷೆಯನ್ನೂ ದಾಖಲಿಸಿದವರ ಭಾಷೆಯನ್ನೂ ಒಂದೆಂದು ಭಾವಿಸುವ ಅಪಾಯವಿದೆ.

ಇದು ಕೇವಲ ವ್ಯುತ್ಪತ್ತಿಯ ಪ್ರಶ್ನೆಯಲ್ಲ. 1961ರ ಕರ್ನಾಟಕ ಭೂ ಸುಧಾರಣಾ ಕಾಯಿದೆಗೆ ತಿದ್ದುಪಡಿಯ ಮೂಲಕ ಸೇರಿದ 38ಎ ಪ್ರಕರಣವು ದಾಖಲೆಯಿಲ್ಲದ ಜನವಸತಿಗಳ ನಿವಾಸಿಗಳಿಗೆ ವಾಸದ ಮನೆಯ ಒಡೆತನ ದೊರಕಿಸಲು ಅವಕಾಶ ಕಲ್ಪಿಸಿದೆ. ಅಲ್ಲಿ ತಾಂಡಾ, ಹಟ್ಟಿ, ಹಾಡಿ, ದೊಡ್ಡಿ, ಪಾಳ್ಯಗಳು ಕಾನೂನಿನ ವರ್ಗಗಳಾಗಿವೆ. ಆಡುಮಾತಿನ ವಾರ್ಗಿಕವನ್ನು ಕೈಬಿಟ್ಟ ನಕ್ಷೆಯು ಇಂತಹ ವಸತಿಯನ್ನು ಪಕ್ಕದ ಊರಿನೊಳಗೆ ಕರಗಿಸಿಬಿಡುತ್ತದೆ. ಹಕ್ಕು ಕೇಳುವವರಿಗೆ ತಮ್ಮ ನೆಲೆಯನ್ನು ತೋರಿಸುವುದೇ ಆಗ ಕಷ್ಟವಾಗುತ್ತದೆ.

ಆದುದರಿಂದ ಕ್ಷೇತ್ರಕಾರ್ಯದ ನಮೂನೆಯಲ್ಲಿ ಪ್ರತಿ ನೆಲೆಗೂ ಮೂರು ಅಂಶಗಳಿರಬೇಕು: ಪ್ರತಿಯೊಂದು ಭಾಷೆಯ ಉಚ್ಚರಿತ ರೂಪ, ವಾರ್ಗಿಕಕ್ಕೆ ನಿವಾಸಿಗಳು ಕೊಡುವ ಅರ್ಥ, ವಾಸದ ತಿಂಗಳುಗಳು. ಕೆರೆಯಂಚನ್ನೂ ತುಂಬಿದ ಕಾಲಕ್ಕೊಂದು, ಬತ್ತಿದ ಕಾಲಕ್ಕೊಂದು ಎಂದು ಎರಡು ಗೆರೆಗಳಲ್ಲಿ ಗುರುತಿಸಬೇಕು. ಆಗ ಯಾವ ಹೆಸರು ಯಾವ ಗೆರೆಗೆ ಸೇರಿದ್ದೆಂಬುದನ್ನು ಪರಿಶೀಲಿಸಲು ಸಾಧ್ಯವಾಗುತ್ತದೆ.